ದುಡ್ಡು ಕೊಟ್ಟು ಗಲಾಟೆ ಕೊಳ್ಳಬೇಕಾ?

ಮಾನ್ಯ ಸಂಪಾದಕರೇ,

ಜಯನಗರದ ಹೋಟೆಲುಗಳಲ್ಲಿ ಮತ್ತೆ ಬೆಲೆ ಏರಿದ ಬಗ್ಗೆ ನಿಮ್ಮ ವರದಿ ಓದಿದೆ. ಹಾಲು ದುಬಾರಿ, ಕಾಫಿಪುಡಿ ದುಬಾರಿ, ಗ್ಯಾಸ್ ದುಬಾರಿ ಅಂತ ಮಾಲೀಕರು ಹೇಳಿದ್ದನ್ನೆಲ್ಲ ಬರೆದಿದ್ದೀರಿ. ಒಳಗೆ ಕೂತು ದುಡ್ಡು ಕೊಟ್ಟು ಬಂದವರನ್ನು ಒಬ್ಬರನ್ನಾದರೂ ಕೇಳಬೇಕಿತ್ತಲ್ವಾ? ವರದಿ ಬಂದ ದಿನ ರಾತ್ರಿಯೇ ನಾವು ಅಂಥದ್ದೇ ಒಂದು ಚೈನ್ ರೆಸ್ಟೋರೆಂಟಿಗೆ ಹೋಗಿದ್ದೆವು. ನನ್ನ ತಲೆನೋವು ಇನ್ನೂ ಇಳಿದಿಲ್ಲ.

ನಮ್ಮತ್ತೆಗೆ 80 ತುಂಬಿತು. ಮಸಾಲೆ ದೋಸೆ ಅಂದರೆ ಅವರಿಗೆ ಪ್ರಾಣ. ದರ್ಶಿನಿಗೆ ಹೋಗಬೇಕಿತ್ತು ಅನ್ನಬೇಡಿ, ಆ ವಯಸ್ಸಿನ ಮಂಡಿ ಇಟ್ಟುಕೊಂಡು ನಿಂತು ತಿನ್ನೋಕಾಗಲ್ಲ. ಕೂತು ನಿಧಾನವಾಗಿ ತಿನ್ನಲಿ ಅಂತಲೇ ಜಾಸ್ತಿ ದುಡ್ಡಿನ ಜಾಗಕ್ಕೆ ಕರೆದುಕೊಂಡು ಹೋದೆವು. ಮೊದಲು ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು. ಆ ಫುಟ್‌ಪಾತಿನ ಮೇಲೂ ಅವರದೇ ವ್ಯಾಲೆಟ್ ಪಾರ್ಕಿಂಗಿನ ಸ್ಕೂಟರು, ಕಾರು. ವಯಸ್ಸಾದವರಿಗೆ ಕೂರಲು ಒಂದು ಸ್ಟೂಲೂ ಇರಲಿಲ್ಲ.

ಒಳಗೆ ಹೋದರೆ ಪಕ್ಕದ ಟೇಬಲ್ಲಿನಲ್ಲಿ ದೊಡ್ಡ ಗುಂಪು, ಜೊತೆಗೆ ಐದಾರು ಮಕ್ಕಳು. ಒಂದು ಮಗು ತಟ್ಟೆಗೆ ಸ್ಪೂನಿನಿಂದ ಬಡಿಯುತ್ತಿದೆ, ಇನ್ನೊಂದು ನಮ್ಮ ಟೇಬಲ್ ಕೆಳಗೆ ನುಗ್ಗುತ್ತಿದೆ, ಮತ್ತೊಂದರ ಕೈಯಲ್ಲಿ ಮೊಬೈಲು, ಅದರಲ್ಲಿ ಕಾರ್ಟೂನು, ವಾಲ್ಯೂಮ್ ಪೂರ್ತಿ. ಅಪ್ಪ ಅಮ್ಮಂದಿರು ತಲೆಯೆತ್ತಿ ನೋಡಿದರೆ ಕೇಳಿ. ಇದೆಲ್ಲದರ ಮೇಲೆ ಹೋಟೆಲಿನವರದೇ ಸ್ಪೀಕರಿನ ಹಾಡು. ಈಗಿನ ಈ ಹಾಲ್‌ಗಳಲ್ಲಿ ಮೇಲೆ ಬರೀ ಕಾಂಕ್ರೀಟು, ಕೆಳಗೆ ಟೈಲ್ಸು, ಸುತ್ತ ಗಾಜು, ಒಂದು ಪರದೆ ಕೂಡ ಇಲ್ಲ. ಸದ್ದು ಹೋಗುವುದಾದರೂ ಎಲ್ಲಿಗೆ? ಅತ್ತೆ ಕಿವಿಗೆ ಮೆಷಿನ್ ಹಾಕುತ್ತಾರೆ. ಅದು ನಮ್ಮ ಮಾತನ್ನಷ್ಟೇ ಆರಿಸಿ ಕೊಡುವುದಿಲ್ಲ, ಕಿರುಚಾಟ, ತಟ್ಟೆ ಸದ್ದು, ಹಾಡು ಎಲ್ಲವನ್ನೂ ಜೋರು ಮಾಡಿ ಕಿವಿಗೆ ತುಂಬುತ್ತದೆ. ತಡೆಯಲಾರದೆ ಅವರು ಮೆಷಿನ್ ತೆಗೆದು ಪರ್ಸಿಗೆ ಹಾಕಿಕೊಂಡು ಸುಮ್ನೆ ಕೂತರು. ಅವರ ಹುಟ್ಟುಹಬ್ಬದ ಊಟ ಅದು, ಅವರಿಗೇ ಯಾರ ಮಾತೂ ಕೇಳಿಸಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಓಡಿ ಬಂದು ಸಪ್ಲೈಯರ್‌ಗೆ ಗುದ್ದಿದ. ಸಾಂಬಾರ್ ನನ್ನ ಸೀರೆ ಮೇಲೆ ಚೆಲ್ಲಿತು. ಬಿಸಿ ಸಾಂಬಾರು, ಆ ಮಗುವಿನ ಮುಖದ ಮೇಲೆ ಬಿದ್ದಿದ್ದರೆ ಗತಿ ಏನು? ತಾಯಿ ಎದ್ದು ಕೂಡ ಬರಲಿಲ್ಲ. 'ಮಕ್ಕಳಲ್ವಾ ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಬೈಸಿಕೊಂಡಿದ್ದು ಯಾರು ಗೊತ್ತಾ? ಆ ಸಪ್ಲೈಯರ್ ಹುಡುಗ. ಎಲ್ಲರ ಮುಂದೆ ಮ್ಯಾನೇಜರ್ ಅವನಿಗೆ ಬೈದರು. ನಾನು ಹೋಗಿ ಕೇಳಿದರೆ, 'ಫ್ಯಾಮಿಲಿ ಕಸ್ಟಮರ್ಸ್ ಮೇಡಂ, ನಾವು ಏನೂ ಹೇಳೋಕಾಗಲ್ಲ' ಅನ್ನುತ್ತಾರೆ. ಹಾಗಾದರೆ ನಾವೇನು ಫ್ಯಾಮಿಲಿ ಅಲ್ವಾ? ನಾನೂ ಎರಡು ಮಕ್ಕಳನ್ನು ಸಾಕಿದವಳು. ಮಗು ಅಳುತ್ತದೆ, ಹಟ ಮಾಡುತ್ತದೆ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಎತ್ತಿಕೊಂಡು ಹೊರಗೆ ಎರಡು ಸುತ್ತು ಹಾಕಿಸಿಕೊಂಡು ಬರಬೇಕು, ನಾವು ಮಾಡುತ್ತಿದ್ದುದು ಅದನ್ನೇ. ನಾನು ಬೈಯುತ್ತಿರುವುದು ಮಕ್ಕಳನ್ನಲ್ಲ, ಹೆತ್ತವರನ್ನು.

ಇನ್ನು ಬಿಲ್ಲು. ನಾಲ್ಕು ಜನಕ್ಕೆ ದೋಸೆ, ಪೂರಿ, ಒಂದಿಷ್ಟು ಸಿಹಿ, ಕಾಫಿ ಸೇರಿ 1,840 ರೂಪಾಯಿ. ಕೇಳದೆಯೇ ತಂದು ಮುಚ್ಚಳ ತೆಗೆದಿಟ್ಟ ನೀರಿನ ಬಾಟಲಿಯೂ ಅದರಲ್ಲೇ ಇದೆ. ಅದರ ಮೇಲೆ ಸರ್ವಿಸ್ ಚಾರ್ಜ್ ಶೇ 10, ಅಂದರೆ 184. ಎರಡೂ ಸೇರಿಸಿ ಆ ಮೊತ್ತದ ಮೇಲೆ ಶೇ 5 ಜಿಎಸ್‌ಟಿ. ಒಟ್ಟು 2,125 ರೂಪಾಯಿ. ಯಾವ ಸರ್ವಿಸ್‌ಗೆ ಈ ಚಾರ್ಜು? ಸೀರೆಗೆ ಸಾಂಬಾರ್ ಸುರಿದಿದ್ದಕ್ಕಾ? ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾವೇ ಸೇರಿಸಬಾರದು, ಅದರ ಮೇಲೆ ಜಿಎಸ್‌ಟಿ ಹಾಕಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಕೂಡ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಇದನ್ನು ಹೇಳಿದರೆ 'ಅದೆಲ್ಲ ಡೆಲ್ಲಿಗೆ ಮೇಡಂ' ಅಂತಾರೆ. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಮಾತ್ರ ಅವರಿಗೆ ಬಾಯಿಪಾಠ ಬರುತ್ತದೆ. ನಮ್ಮ ಹಿಂದೆ ಕ್ಯೂ ಬೆಳೆಯುತ್ತಿತ್ತು, ಅತ್ತೆ ನಿಲ್ಲಲಾರದೆ ಗೋಡೆ ಹಿಡಿದುಕೊಂಡಿದ್ದರು. ಕೊಟ್ಟು ಬಂದೆವು. ಎಲ್ಲರೂ ಹೀಗೇ ಕೊಟ್ಟು ಬರುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಹಾಲಿನ ನೆಪವನ್ನೂ ಸ್ವಲ್ಪ ನೋಡೋಣ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ನಿಜ. ಒಂದು ಲೀಟರಿನಲ್ಲಿ ಎಂಟರಿಂದ ಹತ್ತು ಕಾಫಿ ಆಗುತ್ತದೆ. ಕಪ್ಪಿಗೆ ಐವತ್ತು ಪೈಸೆ ಆಯಿತು. ಕಾಫಿಪುಡಿಯೂ ಏರಿದೆ, ಒಪ್ಪುತ್ತೇನೆ, ಆದರೆ 70 ರೂಪಾಯಿ ಕಾಫಿಗೆ ಅದೊಂದೇ ಕಾರಣವಾ? ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಬೆಣ್ಣೆ, ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತಲ್ಲ, ಬೆಣ್ಣೆ ದೋಸೆಯ ಬೆಲೆ ಒಂದು ರೂಪಾಯಿಯಾದರೂ ಇಳಿಯಿತಾ? ಇದನ್ನು ನಿಮ್ಮ ವರದಿಗಾರರು ಮಾಲೀಕರಿಗೆ ಕೇಳಬೇಕಿತ್ತು.

ಅಧಿಕಾರಿಗಳ ವಿಷಯ ಹೇಳಿದಷ್ಟೂ ಮುಗಿಯುವುದಿಲ್ಲ. ಆ ಫುಟ್‌ಪಾತಿನ ಬಗ್ಗೆ ನಾನು ಹಿಂದೆಯೇ ಬರೆದು ಕೊಟ್ಟಿದ್ದೆ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿ ಸಾಹೇಬರು ಮೀಟಿಂಗಿನಲ್ಲಿದ್ದರು. ಬೆಂಗಳೂರಿಗೆ ಒಂದಿದ್ದ ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಐದಾಯಿತು, ಬೋರ್ಡು ಬದಲಾಯಿತು, ಫುಟ್‌ಪಾತ್ ಮಾತ್ರ ಹಾಗೇ ಇದೆ. ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಉಯ್ಯಾಲೆಯ ಚೈನ್ ಕಿತ್ತು ಎಷ್ಟು ಕಾಲವಾಯಿತೋ. ಜಾರುಬಂಡೆಗೆ ತುಕ್ಕು. 'ಆಟವಾಡಬಾರದು' ಅಂತ ಬೋರ್ಡ್ ಬೇರೆ. ಮಕ್ಕಳು ಓಡುವುದಾದರೂ ಎಲ್ಲಿ ಸ್ವಾಮಿ? ಹೋಟೆಲಿನಲ್ಲೇ ಓಡುತ್ತಾರೆ. ತೆರಿಗೆ ಕಟ್ಟುವುದು ತಡವಾದರೆ ನಮಗೆ ದಂಡ ಹಾಕುವವರಿಗೆ ಒಂದು ಉಯ್ಯಾಲೆ ರಿಪೇರಿ ಮಾಡಿಸಲು ಆಗುವುದಿಲ್ಲ.

ಸರ್ವಿಸ್ ಚಾರ್ಜ್ ನಿಲ್ಲಿಸಲಿ. ಗ್ರಾಹಕರ ಸಹಾಯವಾಣಿ 1915 ನಂಬರನ್ನು ಕ್ಯಾಶ್ ಕೌಂಟರ್ ಮುಂದೆ ದೊಡ್ಡದಾಗಿ ಬರೆಸಲಿ. ಮಕ್ಕಳಿರುವವರಿಗೆ ಬೇರೆ ಹಾಲ್ ಮಾಡಲಿ, ಇಲ್ಲವೇ ವಯಸ್ಸಾದವರಿಗೆ ಒಂದು ಮೂಲೆಯನ್ನಾದರೂ ಬಿಡಲಿ, ಅದೂ ಆಗದಿದ್ದರೆ ಆ ಹಾಡನ್ನಾದರೂ ನಿಲ್ಲಿಸಲಿ. ಇದನ್ನು ಹೋಟೆಲಿನವರು ಮಾಡುತ್ತಾರೋ, ಅಧಿಕಾರಿಗಳು ಮಾಡಿಸುತ್ತಾರೋ ನನಗೆ ಗೊತ್ತಿಲ್ಲ, ಯಾರಾದರೂ ಮಾಡಿ. ಮತ್ತೆ ಆ ಟೇಬಲ್ಲಿನ ತಂದೆತಾಯಿಗಳೇ, ನೀವು ಜಯನಗರದವರೇ ಆಗಿದ್ದರೆ ಇದನ್ನು ಓದುತ್ತೀರಿ. ಸೀರೆಯ ಕಲೆ ಹೋಗಿಲ್ಲ. ಒಂದು ಸಲ ಕ್ಷಮೆ ಕೇಳಲೂ ಇಲ್ಲವಲ್ಲ ನೀವು, ನಾಚಿಕೆಯಾಗಬೇಕು.

– ಒಬ್ಬ ಗೃಹಿಣಿ, ಜಯನಗರ, ಬೆಂಗಳೂರು