ಗಂಟಲು ಕೂತಿದ್ದು ಯಾಕೆ ಅಂದರೆ

ಸುವಾ, ಫಿಜಿ
31 ಜುಲೈ 2022, ಭಾನುವಾರ

ಪ್ರೀತಿಯ ಅಮ್ಮ, ಅಪ್ಪ,

ನಾವಿಬ್ಬರೂ ಚೆನ್ನಾಗಿದ್ದೇವೆ. ಬೆಳಿಗ್ಗೆ ಫೋನಲ್ಲಿ ಅಮ್ಮ "ಗಂಟಲಿಗೇನಾಯ್ತೇ?" ಅಂತ ಗಾಬರಿಯಾದಳಲ್ಲ, ಅದು ಶೀತ ಅಲ್ಲ. ನಿನ್ನೆ ಸ್ಟೇಡಿಯಂನಲ್ಲಿ ಕೂಗಿ ಕೂಗಿ ಹೀಗಾಗಿದೆ. ಕಷಾಯ ಕುಡಿಯುತ್ತಿದ್ದೇನೆ. ಭಾನುವಾರ ಇಲ್ಲಿ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಬೀದಿ ಖಾಲಿ. ಅದಕ್ಕೇ ಆರಾಮಾಗಿ ಕೂತು ಬರೆಯುತ್ತಿದ್ದೇನೆ. ಚಿನ್ನುಗೂ ಓದಿಸಿ, ಇದರಲ್ಲಿ ಅವಳಿಗೆ ಬೇಕಾದ್ದೇ ಜಾಸ್ತಿ.

ಈ ತಿಂಗಳು 13ರಿಂದ ಇಲ್ಲಿ ಓಷಿಯಾನಿಯಾ ಮಹಿಳಾ ನೇಷನ್ಸ್ ಕಪ್ ಫುಟ್‌ಬಾಲ್ ನಡೆಯಿತು. ಫಿಜಿ, ಪಪುವಾ ನ್ಯೂಗಿನಿ, ಸಾಲೊಮನ್, ವನುವಾಟು, ನ್ಯೂ ಕ್ಯಾಲೆಡೋನಿಯಾ, ಸಮೋವಾ, ಟೋಂಗಾ, ತಾಹಿತಿ, ಕುಕ್ ದ್ವೀಪಗಳು: ಒಟ್ಟು 9 ತಂಡ. ಅಪ್ಪ, ಕುಕ್ ದ್ವೀಪಗಳ ಜನಸಂಖ್ಯೆ ಎಷ್ಟು ಗೊತ್ತಾ? ಹೆಚ್ಚುಕಮ್ಮಿ ನಮ್ಮ ಅರಕಲಗೂಡು ಪೇಟೆಯಷ್ಟು. ಅರಕಲಗೂಡಿನವರೇ ಸೇರಿ ಒಂದು ದೇಶದ ಹೆಣ್ಣುಮಕ್ಕಳ ತಂಡ ಕಟ್ಟಿ, ವಿಮಾನ ಹತ್ತಿಸಿ ವಿಶ್ವಕಪ್ ಅರ್ಹತೆಗೆ ಆಡಿಸಿದ ಹಾಗೆ!

ಈ ಸಲ ನ್ಯೂಜಿಲೆಂಡ್ ಬಂದಿರಲಿಲ್ಲ. ಮುಂದಿನ ವರ್ಷದ ವಿಶ್ವಕಪ್ಪನ್ನು ಅವರೇ ಆಸ್ಟ್ರೇಲಿಯಾ ಜೊತೆ ಸೇರಿ ನಡೆಸುತ್ತಿದ್ದಾರೆ, ಹಾಗಾಗಿ ಅವರ ಜಾಗ ಆಗಲೇ ಖಾತ್ರಿ. ನನ್ನ ಕೇಳಿದರೆ ಈ ಟೂರ್ನಮೆಂಟಿಗೆ ಜೀವ ಬಂದಿದ್ದೇ ಅದರಿಂದ. 2007, 2010, 2014, 2018, ನಾಲ್ಕೂ ಸಲ ಕಪ್ ಅವರ ಪಾಲು. 2018ರಲ್ಲಿ ನ್ಯೂ ಕ್ಯಾಲೆಡೋನಿಯಾದ ನುಮೆಯಾದಲ್ಲಿ ಫಿಜಿ ಮೊದಲ ಸಲ ಫೈನಲ್‌ಗೆ ಬಂತು, ನ್ಯೂಜಿಲೆಂಡ್ ಎದುರು 8-0ರಲ್ಲಿ ಸೋತಿತು. ಎಂಟು ಗೋಲು ತಿಂದವರು ಮತ್ತೆ ಬೂಟು ಕಟ್ಟಿ ಬರುವುದೇ ದೊಡ್ಡದು ಅಲ್ವಾ?

ಅದೂ ಈ ಊರಲ್ಲಿ. ಇಲ್ಲಿ ಎಲ್ಲ ರಗ್ಬಿಮಯ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ರಗ್ಬಿ ಸೆವೆನ್ಸ್ (ತಂಡಕ್ಕೆ ಏಳೇ ಜನ ಆಡುವ ರಗ್ಬಿ) ಚಿನ್ನ ಗೆದ್ದಿದ್ದಕ್ಕೆ ಏಳು ಡಾಲರಿನ ನೋಟೇ ಅಚ್ಚು ಹಾಕಿಸಿದ ದೇಶ ಇದು. ಫುಟ್‌ಬಾಲ್ ಅಂದರೆ ಮೊದಲಿಂದ ಭಾರತೀಯರ ಆಟ. ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದವರ ಮಕ್ಕಳು 1938ರಲ್ಲಿ ಸಂಘ ಕಟ್ಟಿದಾಗ ಅದರ ಹೆಸರಲ್ಲೇ 'ಇಂಡಿಯನ್' ಅಂತಿತ್ತು. 1961ರಲ್ಲಿ ಅದು ಎಲ್ಲರದ್ದಾಯಿತು. ಈಗ ನೋಡಿ, ಮಹಿಳಾ ತಂಡದಲ್ಲಿ ಹೆಚ್ಚಿನವರು ಇಲ್ಲಿನ ಮೂಲನಿವಾಸಿ ಹುಡುಗಿಯರು, ಗ್ಯಾಲರಿಯಲ್ಲಿ ಅವರಿಗಾಗಿ ಬಾಯಿ ಬಡಿದುಕೊಳ್ಳುವವರಲ್ಲಿ ನಮ್ಮ ಮೂಲದ ಅಜ್ಜಿಯರೂ ಇದ್ದಾರೆ. ನನ್ನ ಪಕ್ಕ ಅಂಥ ಒಬ್ಬರು ಕೂತಿದ್ದರು. ಅವರ ತಾತ ಮದ್ರಾಸಿನಿಂದ ಹಡಗು ಹತ್ತಿದವರಂತೆ. ಇಲ್ಲಿನ ಹಿಂದಿಯಲ್ಲಿ ರೆಫರಿಗೆ ಬೈಯುತ್ತಾ, ನಡುನಡುವೆ ನನಗೆ ರೋಟಿ ಪಾರ್ಸೆಲ್ ಮುರಿದು ಕೊಡುತ್ತಾ ಇದ್ದರು. ಚಪಾತಿಯೊಳಗೆ ಆಲೂ ಪಲ್ಯ ಸುತ್ತಿದ್ದು. ಖಾರ ಸಾಲದು, ಆದರೆ ಹಸಿವಿಗೆ ಚೆನ್ನಾಗಿತ್ತು.

ಫೈನಲ್‌ನಲ್ಲಿ ಫಿಜಿ ಎದುರು ಪಪುವಾ ನ್ಯೂಗಿನಿ. ಸ್ಟೇಡಿಯಂ ನಮ್ಮ ಯಜಮಾನರ ಯೂನಿವರ್ಸಿಟಿ ಹತ್ತಿರವೇ, ಲೌಥಾಲಾ ಬೇಯಲ್ಲಿ, ನಡೆದೇ ಹೋದೆವು. ಪಪುವಾದ ಹುಡುಗಿಯರು ಗಟ್ಟಿಗರು. ಪೆಸಿಫಿಕ್ ಕ್ರೀಡಾಕೂಟದಲ್ಲಿ 2003ರಿಂದ 2019ರವರೆಗೆ ಐದೂ ಸಲ ಚಿನ್ನ ಅವರದೇ. 2016ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಅವರ ಊರಲ್ಲೇ ನಡೆದಿತ್ತು. ಎದೆಯ ಹತ್ತಿರ ಬಂದ ಚೆಂಡನ್ನು ನಿಲ್ಲಿಸಿ, ತಲೆ ಎತ್ತಿ ನೋಡಿ ಪಾಸ್ ಕೊಡುತ್ತಾರೆ. ಫಿಜಿಯವರಿಗೆ ಅಷ್ಟು ತಾಳ್ಮೆ ಇಲ್ಲ. ಚೆಂಡು ಸಿಕ್ಕರೆ ಮುಂದಕ್ಕೆ ಒದ್ದು ಅದರ ಹಿಂದೆ ಓಡುವುದೇ. ಆದರೂ ಕೊನೇ ಹತ್ತು ನಿಮಿಷ ಯಾರೂ ಕೂತಿರಲಿಲ್ಲ. ಸದಾ ಗಂಭೀರವಾಗಿರುವ ಇವರೂ ಕುರ್ಚಿ ಹತ್ತಿ ನಿಂತಿದ್ದರು, ಫೋಟೋ ಇದೆ, ಕಳಿಸುತ್ತೇನೆ.

2-1, ಪಪುವಾ ಗೆದ್ದಿತು. ಈ ಕಪ್ ಅವರಿಗೆ ಇದೇ ಮೊದಲು. ಸೋತ ಹುಡುಗಿಯರಲ್ಲಿ ಒಬ್ಬಳು ಮೊಣಕಾಲಿನ ಬ್ಯಾಂಡೇಜು ಬಿಚ್ಚುತ್ತಾ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಪಕ್ಕದ ಅಜ್ಜಿ "ಎಂಟು ಎಲ್ಲಿ, ಒಂದು ಎಲ್ಲಿ" ಅಂದರು, ಆ ಲೆಕ್ಕ ನನಗೂ ಸರಿ ಅನ್ನಿಸಿತು.

ಗೆದ್ದವರಿಗೂ ವಿಶ್ವಕಪ್ ಇನ್ನೂ ಕೈಗೆ ಸಿಕ್ಕಿಲ್ಲ. ಫೆಬ್ರವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ ಬೇರೆ ಖಂಡಗಳವರ ಜೊತೆ ಮತ್ತೆ ಆಡಬೇಕು, 10 ತಂಡಕ್ಕೆ ಮೂರೇ ಜಾಗ. ಆದರೂ ನಮ್ಮವರಿಗಿಂತ ವಾಸಿ. ಜನವರಿಯಲ್ಲಿ ಮುಂಬೈ ಕಡೆ ಏಷ್ಯಾ ಕಪ್ ಇತ್ತಲ್ಲ, ತಂಡದ ತುಂಬಾ ಕೋವಿಡ್ ಬಂದು ನಮ್ಮ ಹುಡುಗಿಯರು ಅರ್ಧದಲ್ಲೇ ಹೊರಬಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಪ್ಪ, ಒಂದು ಕೆಲಸ. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮಲ್ಲೇ ಇದೆ, ಮಡಗಾಂವ್‌ನಲ್ಲೂ ಪಂದ್ಯಗಳಿವೆ. ಹಾಸನದಿಂದ ಕಾರವಾರಕ್ಕೆ ರೈಲಿದೆ, ಅಲ್ಲಿಂದ ಮಡಗಾಂವ್ ಏನು ದೂರ? ಚಿನ್ನುನ ಕರೆದುಕೊಂಡು ಹೋಗಿ ಬನ್ನಿ. ಸ್ಕೂಲು ತಪ್ಪುತ್ತೆ ಅಂತ ಅತ್ತಿಗೆ ಗೊಣಗಬಹುದು, ನಾನು ಮಾತಾಡುತ್ತೇನೆ. ಖರ್ಚು ನನ್ನದು. ಅಮ್ಮ, ನೀನೂ ಹೋಗು, ಸುಮ್ನೆ ಮಂಡಿನೋವು ಅಂತ ನೆಪ ಹೇಳಬೇಡ.

ಇಂತಿ ನಿಮ್ಮ ಮಗಳು,
ಸುಧಾ