ಇನ್ನು ಪಾರ್ಸೆಲ್ ವಾರಕ್ಕೆ ಎರಡೇ ದಿನ, ಶನಿವಾರ ಅಂಗಡಿಗೆ ರಜೆ

ಕೊರಿಯಾದಲ್ಲಿರುವ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ರಾಗಿ ಹಿಟ್ಟು, ಅವಲಕ್ಕಿ, ಸಾರಿನ ಪುಡಿ ಏನೇ ತರಿಸಿದರೂ ಪಾರ್ಸೆಲ್ ಹೊರಡುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಶನಿವಾರ ಅಂಗಡಿ ತೆರೆಯುವುದಿಲ್ಲ. ಬೆಲೆ ಹಳೆಯದೇ.

ಕಾರಣ ಹೇಳಲೇಬೇಕು. ನಮ್ಮ ಗೋಡೌನಿನ ಹಿಂದಿನ ಖಾಲಿ ಜಾಗದಲ್ಲಿ, ಮಾಂಸಕ್ಕಾಗಿ ನಾಯಿ ಸಾಕುವ ಫಾರ್ಮುಗಳಿಂದ ಬಿಡಿಸಿ ತಂದ ನಾಯಿಗಳಿಗೆ ಒಂದು ನೆಲೆ ಕಟ್ಟುತ್ತಿದ್ದೇವೆ.

2024ರ ಜನವರಿ 9ರಂದು ಇಲ್ಲಿನ ಸಂಸತ್ತು ನಾಯಿ ಮಾಂಸದ ವ್ಯಾಪಾರ ನಿಲ್ಲಿಸುವ ಕಾನೂನು ತಂದಿತು. ಪರವಾಗಿ 208 ಮತ, ವಿರುದ್ಧ ಒಂದೂ ಇಲ್ಲ. ಮಾಂಸಕ್ಕಾಗಿ ನಾಯಿ ಸಾಕುವುದು, ಕೊಲ್ಲುವುದು, ಮಾರುವುದು ನಿಲ್ಲಬೇಕಾದ ಗಡುವು 2027ರ ಫೆಬ್ರವರಿ. ಕೊರಿಯಾದವರೆಲ್ಲ ನಾಯಿ ತಿನ್ನುತ್ತಾರೆ ಅಂತ ಊರಲ್ಲಿ ಸುಮ್ನೆ ಆಡಿಕೊಳ್ಳುತ್ತಾರಲ್ಲ, ಅಂಥವರಿಗೆ ಇದನ್ನು ತಿಳಿಸಿ. ವರ್ಷಗಟ್ಟಲೆ ಹೋರಾಡಿ ಈ ಕಾನೂನು ತರಿಸಿದವರು ಕೊರಿಯಾದ ಜನರೇ.

ಫಾರ್ಮ್ ಮುಚ್ಚುವವರಿಗೆ ಸರ್ಕಾರ ಒಂದು ನಾಯಿಗೆ 2.25 ಲಕ್ಷದಿಂದ 6 ಲಕ್ಷ ವಾನ್ ಪರಿಹಾರ ಗೊತ್ತು ಮಾಡಿತು. ಬೇಗ ಮುಚ್ಚಿದವರಿಗೆ ಜಾಸ್ತಿ. ಸರಿಯಾದ ಕ್ರಮವೇ. ಆದರೆ 2024ರ ಸರ್ಕಾರಿ ಲೆಕ್ಕದಲ್ಲೇ ಸುಮಾರು 4.66 ಲಕ್ಷ ನಾಯಿಗಳಿದ್ದವು. ಅಷ್ಟಕ್ಕೂ ಮನೆ ಎಲ್ಲಿಂದ ಬರಬೇಕು? ಇವು ಹೆಚ್ಚಾಗಿ ಜಿಂಡೋ, ಟೋಸಾ ತಳಿಗಳ ಬೆರಕೆಯ ದೊಡ್ಡ ನಾಯಿಗಳು. ಇಲ್ಲಿ ಬಹಳ ಜನ ಇರುವುದು ಅಪಾರ್ಟ್‌ಮೆಂಟಿನಲ್ಲಿ, ಸಾಕುವುದು ಪುಟ್ಟ ನಾಯಿಗಳನ್ನು. ಟೋಸಾವಂತೂ ಅಪಾಯಕಾರಿ ತಳಿಗಳ ಪಟ್ಟಿಯಲ್ಲಿದೆ, ಸಾಕಲು ಅನುಮತಿ ಬೇಕು. ಹಾಗಾಗಿ ಎಷ್ಟೋ ನಾಯಿಗಳನ್ನು ವಿಮಾನದಲ್ಲಿ ಅಮೆರಿಕ, ಕೆನಡಾಕ್ಕೆ ಕಳಿಸಿದ್ದಾರೆ. ಎಲ್ಲವನ್ನೂ ಹಾಗೆ ಕಳಿಸಲು ಆಗುವುದಿಲ್ಲ ಅಲ್ವಾ?

ಫಾರ್ಮಿನ ಗೂಡುಗಳನ್ನು ನೆಲದಿಂದ ಎತ್ತರದಲ್ಲಿ ಕಟ್ಟಿರುತ್ತಾರೆ. ಗಲೀಜು ಕೆಳಗೆ ಬೀಳಲಿ ಅಂತ ತಳಕ್ಕೂ ತಂತಿ ಬಲೆಯೇ. ತಿನ್ನಲು ಹೋಟೆಲಿನ ಮುಸುರೆ. ಅಲ್ಲೇ ಹುಟ್ಟಿದ ನಾಯಿ ಮಣ್ಣು ಮೆಟ್ಟಿಯೇ ಇರುವುದಿಲ್ಲ. ಪಾದದಲ್ಲಿ ಹುಣ್ಣು. ಹೊರಗೆ ಬಿಟ್ಟರೂ ಹೆಜ್ಜೆ ಇಡಲು ಹೆದರುತ್ತದೆ. ಅದಕ್ಕೆ ಧೈರ್ಯ ಬರಬೇಕಾದರೆ ಅದೇ ಮುಖ, ಅದೇ ಹೊತ್ತಿಗೆ, ದಿನಾ ಕಾಣಬೇಕು. ಕೂಲಿಗೆ ಆಗಾಗ ಯಾರನ್ನೋ ಕರೆಸಿದರೆ ಈ ಕೆಲಸ ಆಗದು. ಅಂಗಡಿಯ ಹೊತ್ತನ್ನು ಕಡಿಮೆ ಮಾಡುತ್ತಿರುವುದು ಇದಕ್ಕೇ.

ನಿಮ್ಮಿಂದ ಹಣ ಕೇಳುತ್ತಿಲ್ಲ. ಇಲ್ಲಿನ ಚಳಿ ನಿಮಗೇ ಗೊತ್ತು. ಹಳೆಯ ಕಂಬಳಿ, ದಪ್ಪ ಟವೆಲ್ ಇದ್ದರೆ ತೊಳೆದು ಅಂಗಡಿಗೆ ತಲುಪಿಸಿ. ಹತ್ತಿ ತುಂಬಿದ ರಜಾಯಿ ಬೇಡ, ಹರಿದು ನುಂಗಿಬಿಡುತ್ತವೆ. ಮುಂಗಡ ಕೊಟ್ಟಿರುವ ಆರ್ಡರುಗಳೆಲ್ಲ ಹೇಳಿದ ದಿನಕ್ಕೇ ಬರುತ್ತವೆ.

ಇಂತಿ,
ನಿಮ್ಮ ದಿನಸಿ ಅಂಗಡಿಯವರು