ತೇವದ ಜೇನಿಗೂ ಒಂದು ಮಾರುಕಟ್ಟೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಗಳ ಮನೆಗೆಂದು ಪುಣೆಗೆ ಹೋಗಿದ್ದೆ. ಒಂದು ಶನಿವಾರ ಅವಳು ನನ್ನನ್ನು ಊರ ಹೊರಗಿನ ಮೀಡರಿಯೊಂದಕ್ಕೆ ಕರೆದುಕೊಂಡು ಹೋದಳು. ಮೀಡ್ ಎಂದರೆ ಜೇನಿನಿಂದ ಮಾಡುವ ವೈನ್. ಅಲ್ಲಿ ರುಚಿ ನೋಡಲು ಕೊಡುತ್ತಾರೆ, ತಯಾರಿಸುವ ಜಾಗವನ್ನೂ ತೋರಿಸುತ್ತಾರೆ. ನಾನು ಮಡಿಕೇರಿ ತಾಲ್ಲೂಕಿನವಳು. ಕಾಫಿ ತೋಟದ ಅಂಚಿನಲ್ಲಿ ಪೆಟ್ಟಿಗೆ ಇಟ್ಟು ತುಡುವೆ ಜೇನು ಸಾಕಲು ಹಿಡಿದು ಮೂವತ್ತು ವರ್ಷದ ಮೇಲಾಯಿತು. ಅಲ್ಲಿಂದ ಬಂದ ಮೇಲೆ ಒಂದು ವಿಷಯ ತಲೆಯಲ್ಲೇ ಸುತ್ತುತ್ತಿದೆ. ಅದಕ್ಕೇ ಈ ಪತ್ರ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯೊಂದಕ್ಕೆ 40 ಬಾಟಲಿ ಜೇನು ಕಳಿಸಿದ್ದೆ. ಮೂರು ವಾರಕ್ಕೆ ಅಷ್ಟೂ ವಾಪಸ್ ಬಂತು. ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ನೊರೆ, ಮುಚ್ಚಳ ತಿರುಗಿಸಿದರೆ ‘ಟಪ್’ ಎಂಬ ಶಬ್ದ. ‘ಏನೋ ಬೆರೆಸಿದ್ದೀರಿ ಅಮ್ಮ’ ಎಂದು ಫೋನಿನಲ್ಲಿ ಅಂದರು. ಆ ಮಾತು ಈಗಲೂ ಚುಚ್ಚುತ್ತದೆ. ನಾನು ಬೆರೆಸಿದ್ದು ಏನೂ ಇರಲಿಲ್ಲ. ಪರಿಚಯದವರ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದಾಗ ನೀರಿನಂಶ ಶೇ 22 ಇತ್ತು. ಆಹಾರ ಸುರಕ್ಷತಾ ನಿಯಮದಲ್ಲಿ ಗರಿಷ್ಠ ಮಿತಿ ಶೇ 20. ನೀರು ಹೆಚ್ಚಾದರೆ ಜೇನು ತಾನಾಗಿಯೇ ಹುದುಗಿ ನೊರೆ ಬರುತ್ತದೆ.

ನಮ್ಮ ಕಡೆ ಹೀಗಾಗಲು ಕಾರಣವಿದೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಆ ಹೂವಿನ ಆಯುಸ್ಸು ಮೂರು ನಾಲ್ಕು ದಿನ. ಹುಳಗಳು ತಂದ ಮಕರಂದ ನೀರಾಗಿರುತ್ತದೆ, ಅದನ್ನು ಅವು ರೆಕ್ಕೆ ಬೀಸಿ ಬೀಸಿ ಒಣಗಿಸಿ, ಪಕ್ವವಾದ ಮೇಲೆ ಎರಿಯ ಕಣ್ಣಿಗೆ ಮೇಣದ ಮುಚ್ಚಳ ಹಾಕಬೇಕು. ಗಾಳಿಯಲ್ಲೇ ತೇವ ತುಂಬಿರುವಾಗ ಪಾಪ ಅವು ಎಷ್ಟೆಂದು ಬೀಸಿಯಾವು? ಪೂರ್ತಿ ಮುಚ್ಚಲಿ ಎಂದು ನಾವು ಕಾದು ಕೂತರೆ ಮಳೆ ಹಿಡಿದು ಅವೇ ಜೇನನ್ನು ತಿಂದು ಮುಗಿಸುತ್ತವೆ. ಹಾಗಾಗಿ ಅರ್ಧ ಮುಚ್ಚಿದ ಎರಿಯನ್ನೇ ಜೇನು ತೆಗೆಯುವ ಯಂತ್ರಕ್ಕೆ ಹಾಕುತ್ತೇವೆ. ಆ ಜೇನಿನಲ್ಲಿ ಕಲ್ಮಶ ಇಲ್ಲ, ನೀರು ಸ್ವಲ್ಪ ಹೆಚ್ಚು. ಇತ್ತ 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷೆ ಮಾಡಿಸಿದಾಗ ದೊಡ್ಡ ಕಂಪನಿಗಳ ಜೇನಿನಲ್ಲೇ ಸಕ್ಕರೆ ಪಾಕದ ಕಲಬೆರಕೆ ಇದೆ ಎಂದು ವರದಿಯಾಯಿತು. ಪಾಕ ಬೆರೆಸಿದ್ದು ಅಂಗಡಿ ಸೇರುತ್ತದೆ, ಹುಳ ತಂದದ್ದು ವಾಪಸ್ ಬರುತ್ತದೆ. ಇದು ನ್ಯಾಯವಲ್ಲ.

ಪುಣೆಯ ಆ ಜಾಗದಲ್ಲಿ ಆಳೆತ್ತರದ ಸ್ಟೀಲ್ ಟ್ಯಾಂಕುಗಳಿದ್ದವು. ಒಂದರ ತಲೆಯಿಂದ ಇಳಿದ ಕೊಳವೆಯ ತುದಿ ನೀರಿನ ಡಬ್ಬಿಯಲ್ಲಿ ಮುಳುಗಿತ್ತು. ಗುಳುಗುಳು ಎಂದು ಗುಳ್ಳೆ ಏಳುತ್ತಲೇ ಇತ್ತು. ಕಿವಿಗೊಟ್ಟು ನಿಂತೆ. ನನ್ನ 40 ಬಾಟಲಿಯಲ್ಲಿ ಆದದ್ದೂ ಇದೇ. ಇಲ್ಲಿ ಅದನ್ನು ಬೇಕೆಂದೇ, ಶುಚಿಯಾಗಿ, ಲೆಕ್ಕವಿಟ್ಟು ಮಾಡಿಸುತ್ತಿದ್ದಾರೆ. ಜೇನಿಗೆ ನೀರು ಸೇರಿಸಿ ಯೀಸ್ಟ್ ಹಾಕುತ್ತಾರೆ. ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದ್ದರೂ ಯೀಸ್ಟಿಗೆ ಬೇಕಾದ ಸಾರಜನಕ ತೀರಾ ಕಡಿಮೆಯಂತೆ, ಅದಕ್ಕೆ ಪೋಷಕಾಂಶವನ್ನು ಆಗಾಗ ಕೊಡುತ್ತಿರಬೇಕು. ಹಗುರವಾದ ಮೀಡ್‌ಗೆ ಲೀಟರಿಗೆ ಸುಮಾರು 150 ಗ್ರಾಂ ಜೇನು ಸಾಕಾಗುತ್ತದೆ. ಕೊಡಗಿನವರಿಗೆ ಮನೆ ವೈನ್ ಹೊಸದಲ್ಲ, ನಮ್ಮ ಅತ್ತೆ ಶುಂಠಿ, ನೆಲ್ಲಿಕಾಯಿ ಹಾಕಿ ಭರಣಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ಆದರೆ ಜೇನನ್ನು ಹೀಗೆ ಬಳಸಬಹುದು ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಆಮೇಲೆ ಮೇಜಿನ ಮೇಲೆ ಸಣ್ಣ ಸಣ್ಣ ಲೋಟ ಸಾಲಾಗಿ ಇಟ್ಟರು. ಸೇಬು ಹಾಕಿದ್ದು, ಕಾಫಿ ಹಾಕಿದ್ದು ಚೆನ್ನಾಗಿದ್ದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬರೀ ಜೇನಿನದು. ತಿಳಿ ಹೊನ್ನಿನ ಬಣ್ಣ. ಮೂಗಿಗೆ ಹಿಡಿದರೆ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುವ ಮೇಣದ, ಹೂವಿನ ಘಮ. ನಾಲಗೆಗೆ ಮಾತ್ರ ಸಿಹಿ ಹೆಚ್ಚಿಲ್ಲ, ಕೊನೆಯಲ್ಲಿ ತುಸು ಒಗರು. ಸಿಹಿಯನ್ನೆಲ್ಲ ಯೀಸ್ಟ್ ತಿಂದಿದೆ, ಹೂವನ್ನು ಬಿಟ್ಟಿದೆ. ಎರಡನೇ ಗುಟುಕಿಗೆ ನನಗೆ ನಮ್ಮ ತೋಟವೇ ಕಣ್ಣ ಮುಂದೆ ಬಂತು.

ತೋರಿಸುತ್ತಿದ್ದ ಹುಡುಗಿಯನ್ನು ಮಗಳ ಮೂಲಕ ಕೇಳಿಸಿದೆ: ‘ನೀರಿನಂಶ ಶೇ 22, 23 ಇರುವ ಜೇನು ನಿಮಗೆ ಆಗುತ್ತದಾ?’ ಅವಳು ನಕ್ಕು ಹೇಳಿದಳು: ‘ಆಂಟಿ, ನಾವು ಹೇಗೂ ನೀರು ಹಾಕುತ್ತೇವಲ್ಲ! ಆದರೆ ಹುಳಿ ಬಂದ ಮೇಲೆ ತಂದರೆ ಆಗುವುದಿಲ್ಲ, ಆ ರುಚಿ ಹೋಗುವುದಿಲ್ಲ. ತೆಗೆದ ಕೂಡಲೇ ಕೊಡಬೇಕು.’ ನಾಲ್ಕು ವರ್ಷ ನಾನು ತಪ್ಪಿತಸ್ಥಳಂತೆ ಹೊತ್ತುಕೊಂಡಿದ್ದ ಭಾರ ಆ ಕ್ಷಣಕ್ಕೆ ಇಳಿಯಿತು.

ಮಹಾರಾಷ್ಟ್ರದಲ್ಲಿ ಪುಣೆಯ ಮೂನ್‌ಶೈನ್, ನಾಸಿಕ್‌ನ ಸೆರಾನಾ ಎಂಬ ಮೀಡ್ ತಯಾರಕರು ಈಗಾಗಲೇ ಹೆಸರು ಮಾಡಿದ್ದಾರೆ. ‘ಸೆರಾನಾ’ ಎಂಬುದು ನಮ್ಮ ತುಡುವೆಯ ವೈಜ್ಞಾನಿಕ ಹೆಸರಿನ ಭಾಗ, ಏಪಿಸ್ ಸೆರಾನಾ. ಹುಳದ ಹೆಸರು ಅವರ ಬಾಟಲಿಯ ಮೇಲಿದೆ. ವಿರಾಜಪೇಟೆಯಲ್ಲಿ 1936ರಷ್ಟು ಹಿಂದೆಯೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದಾಗ ಮರಿಹುಳಗಳು ಎರಿಯ ಕಣ್ಣಿನಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಮಾವನವರು ಒಂದೊಂದೇ ಖಾಲಿ ಪೆಟ್ಟಿಗೆಯನ್ನು ತಂದು ಜಗಲಿಯಲ್ಲಿ ಜೋಡಿಸುತ್ತಿದ್ದರು, ಮಾತಿಲ್ಲ. ಆಮೇಲೆ ಕಾಡಿನ ಪೊಟರೆಗಳಿಂದ ಕುಟುಂಬ ಹಿಡಿದು ತಂದು ಮತ್ತೆ ಶುರು ಮಾಡಿದೆವು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಹುಳದ ಜೇನು ಇಂದು ಬೆಲೆಯಿಲ್ಲದೆ ಮನೆಯಲ್ಲಿ ಕೂರಬಾರದು.

ದ್ರಾಕ್ಷಿ ಬೆಳೆಗಾರರಿಗಾಗಿ 2007ರಲ್ಲೇ ವೈನ್ ನೀತಿ ತಂದ ರಾಜ್ಯ ನಮ್ಮದು. ಜೇನಿನ ವೈನಿಗೂ ಅಂಥದೇ ಸ್ಪಷ್ಟ ನಿಯಮ, ಸಣ್ಣ ಘಟಕಕ್ಕೆ ಕೈಗೆಟುಕುವ ಪರವಾನಗಿ ಶುಲ್ಕ ಇರಲಿ. ಒಬ್ಬಿಬ್ಬರು ಹಣವಂತರಿಗಷ್ಟೇ ಅಲ್ಲ, ಜೇನುಕೃಷಿಕರ ಸಹಕಾರ ಸಂಘಗಳಿಗೂ ಅದು ಸಿಗಬೇಕು. ಬಾಟಲಿಯ ಮೇಲೆ ಯಾವ ಊರಿನ, ಯಾವ ಹುಳದ ಜೇನು ಎಂದು ಬರೆಯುವುದು ಕಡ್ಡಾಯವಾಗಲಿ, ಇಲ್ಲವಾದರೆ ಇದರೊಳಗೂ ಪಾಕ ನುಗ್ಗುತ್ತದೆ. ಕುಡಿತ ಹೆಚ್ಚಿಸುವ ಮಾತು ಇದಲ್ಲ. ಕುಡಿಯದವರ ಮನೆಗೆ ಇದು ಹೋಗುವುದೂ ಬೇಡ.

ಇಷ್ಟಕ್ಕೆಲ್ಲ ಸಮಯ ಹಿಡಿಯುತ್ತದೆ ಎಂದು ಗೊತ್ತು. ಅದಕ್ಕೂ ಮೊದಲು ತೋಟಗಾರಿಕೆ ಇಲಾಖೆ ಒಂದು ಕೆಲಸ ಮಾಡಬಹುದು. ಜೇನು ತೆಗೆಯುವ ಏಪ್ರಿಲ್, ಮೇ ತಿಂಗಳಲ್ಲಿ ಪ್ರತಿ ಹೋಬಳಿಗೆ ಒಂದು ರಿಫ್ರ್ಯಾಕ್ಟೋಮೀಟರ್ ಮತ್ತು ಅದನ್ನು ನೋಡಬಲ್ಲ ಒಬ್ಬರನ್ನು ಕಳಿಸಿಕೊಡಲಿ. ಯಾವ ಡಬ್ಬಿ ಅಂಗಡಿಗೆ, ಯಾವುದು ಬೇರೆ ಕಡೆಗೆ ಎಂದು ನಮ್ಮ ಮನೆಯಂಗಳದಲ್ಲೇ ಗೊತ್ತಾಗುತ್ತದೆ.

— ಜೇನುಕೃಷಿಕ ಮಹಿಳೆ, ಮಡಿಕೇರಿ ತಾಲ್ಲೂಕು, ಕೊಡಗು